ಅಮ್ಮನ ಮೊಣಕಾಲು, ಮಾಸ್ಟ್ರ ವ್ಯಾಗನ್ ಆರ್

ನಮ್ಮನೆಗೆ ಕಾರು ಬೇಕು ಅಂತ ಆದದ್ದೇ ಅಮ್ಮನ ಮೊಣಕಾಲಿಂದ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ಗಡಿ ಹತ್ರ, ಪೆರ್ಲದಿಂದ ಸ್ವಲ್ಪ ಒಳಗೆ ನಮ್ಮ ಮನೆ, ಟಾರು ರೋಡಿಂದ ಅಂಗಳಕ್ಕೆ ಬರ್ಲಿಕ್ಕೆ ಒಂದು ಚಡಾವು ಉಂಟು, ಅರ್ಧ ಕಾಂಕ್ರೀಟು, ಅರ್ಧ ಮುರಕಲ್ಲು. ಇಷ್ಟು ವರ್ಷ ನನ್ನ ಬೈಕು, ಬಸ್ಸು, ತುಂಬ ಅರ್ಜೆಂಟ್ ಇದ್ರೆ ಪೇಟೆಯಿಂದ ಆಟೋ, ಹೀಗೇ ನಡೀತಿತ್ತು. ಆದ್ರೆ ಕಳೆದ ವರ್ಷದಿಂದ ಎರಡು ತಿಂಗಳಿಗೊಮ್ಮೆ ಮಂಗ್ಳೂರಿಗೆ ಮೂಳೆ ಡಾಕ್ಟ್ರ ಹತ್ರ ಹೋಗ್ಬೇಕು, ಬಸ್ಸಿನ ಮೆಟ್ಲು ಅಮ್ಮನಿಗೆ ಆಗೂದಿಲ್ಲ, ಬಾಡಿಗೆ ಕಾರು ಮಾಡಿದ್ರೆ ಹೋಗಿ ಬಂದು ಅಲ್ಲಿ ಕಾದು ಎಲ್ಲ ಸೇರಿ ಡಾಕ್ಟ್ರ ಫೀಸಿನ ಎಷ್ಟೋ ಪಟ್ಟು. ಮತ್ತೆ ಅಪ್ಪನದ್ದು ಬೇರೆ ಲೆಕ್ಕ, ಬದಿಯಡ್ಕದ ಕ್ಯಾಂಪ್ಕೋಗೆ, ಅಂದ್ರೆ ಅಡಿಕೆ ತಗೊಳ್ಳುವ ಸಹಕಾರಿ ಸಂಘಕ್ಕೆ, ಒಂದೆರಡು ಗೋಣಿ ಅಡಿಕೆ ಕೊಂಡೋಗ್ಲಿಕ್ಕೂ ಪ್ರತಿ ಸಲ ಬೇರೆಯವ್ರ ಪಿಕಪ್ ಕೇಳ್ಬೇಕು.

ಹೊಸ ಕಾರಿನ ಮಾತೇ ಇರ್ಲಿಲ್ಲ. ಮೂರು ಲಕ್ಷ, ಅದ್ರ ಮೇಲೆ ರಿಪೇರಿಗೆ ಅಂತ ಒಂದು ಮೂವತ್ತು ಸಾವಿರ, ಅಷ್ಟೇ ನಮ್ಮ ಕೈಲಿದ್ದದ್ದು. ಸಾಲ ಬೇಡ ಅಂತ ಅಪ್ಪ ಮೊದಲೇ ಹೇಳಿದ್ರು.

ಅಪ್ಪನಿಗೆ ಮನಸ್ಸಲ್ಲಿ ಇದ್ದದ್ದು ಹಿಂದೆ ಉದ್ದ ಇರುವ ಗಾಡಿ. 2004ರಲ್ಲಿ ಟಾಟಾದ ಇಂಡಿಗೋ ಮರೀನಾ ಅಂತ ಬಂದಿತ್ತಲ್ಲ, ಅಂಥದ್ದು, ಮುಂದೆ ಕಾರು ಹಿಂದೆ ಗೋಣಿ ಹಾಕ್ಲಿಕ್ಕೆ ಜಾಗ. ಆದ್ರೆ ನಮ್ಮ ದೇಶದಲ್ಲಿ ಆ ನಮೂನೆ ಸ್ಟೇಷನ್ ವ್ಯಾಗನ್ ಗಟ್ಟಿಯಾಗಿ ನಿಲ್ಲಲೇ ಇಲ್ಲ, ಈಗ ಸಿಕ್ಕಿದ್ರೂ ಅಷ್ಟು ಹಳೇ ಗಾಡಿಗೆ ಪಾರ್ಟ್ಸ್ ಹುಡುಕಿಕೊಂಡು ತಿರುಗುವ ಧೈರ್ಯ ನಂಗಿಲ್ಲ. ಹಾಗಾಗಿ ಸಣ್ಣ ಹ್ಯಾಚ್‌ಬ್ಯಾಕೇ, ಹಿಂದಿನ ಸೀಟು ಮಡಚಿದ್ರೆ ಗೋಣಿ ಹಿಡೀಬೇಕು ಅಂತ ಮಾಡಿದೆವು. ಆಮೇಲೆ ನಾನು ಒಂದು ಕೆಲಸ ಮಾಡಿದೆ, ಯಾರು ಕಾರು ತಗೊಳ್ಳೂದಿದ್ರೂ ಇದನ್ನು ಮೊದಲೇ ಮಾಡಿ ಅಂತ ಹೇಳ್ತೇನೆ. ಪರಿಚಯದವ್ರ ಅಂಗಳದಲ್ಲಿ ನಿಂತಿದ್ದ ಕಾರುಗಳಲ್ಲೆಲ್ಲ ಅಮ್ಮನನ್ನು ಕೂರ್ಸಿ ಇಳ್ಸಿದೆ. ಸ್ವಿಫ್ಟಲ್ಲಿ ಕೂರೂದು ಸುಲಭ, ಏಳ್ಲಿಕ್ಕೆ ಆಗ್ಲಿಲ್ಲ, ಎರಡು ಕೈಲಿ ಬಾಗಿಲು ಹಿಡಿದು ಹಲ್ಲು ಕಚ್ಚಿ ಎದ್ರು. ಟಿಯಾಗೋದಲ್ಲೂ ಹಾಗೆ. ರಿಟ್ಜ್ ಪರ್ವಾಗಿಲ್ಲ. ವ್ಯಾಗನ್ ಆರಲ್ಲಿ ಮಾತ್ರ ಅಮ್ಮ ಕೂತದ್ದೂ ಇಳಿದದ್ದೂ ಮನೆ ಜಗಲಿಯಲ್ಲಿ ಕೂತು ಎದ್ದ ಹಾಗೆ, ಸೀಟು ಸೊಂಟದ ಎತ್ತರಕ್ಕೇ ಇರ್ತದೆ, ತಲೆ ಬಗ್ಗಿಸ್ಬೇಕಂತಲೂ ಇಲ್ಲ. ಅಲ್ಲಿಗೆ ರಿಟ್ಜ್ ಇಲ್ಲಾ ವ್ಯಾಗನ್ ಆರ್ ಅಂತ ಆಯ್ತು.

ವ್ಯಾಗನ್ ಆರಲ್ಲಿ ಮೂರು ತಲೆಮಾರು ಉಂಟು. 1999ರ ಕೊನೆಗೆ ಬಂದದ್ದು ಮೊದಲನೇದು, ಅದು ನಾಲ್ಕು ಸಿಲಿಂಡರು, ಟೈಮಿಂಗ್ ಬೆಲ್ಟು. 2010ರಲ್ಲಿ ಬಂದದ್ದು ಕೆ10 ಎಂಜಿನ್, 998 ಸಿಸಿ, ಮೂರು ಸಿಲಿಂಡರು, ಅದ್ರಲ್ಲಿ ಬೆಲ್ಟಿನ ಬದಲು ಚೈನ್, ಹಾಗಾಗಿ ಇಷ್ಟು ಕಿಲೋಮೀಟರಿಗೆ ಬೆಲ್ಟು ಬದಲಿಸ್ಬೇಕು ಅನ್ನುವ ತಲೆಬಿಸಿ ಇಲ್ಲ, ಆಯಿಲ್ ಸರಿಯಾಗಿ ಬದಲಿಸಿರ್ಬೇಕು ಅಷ್ಟೆ. 2019ರದ್ದು ಮೂರನೇದು, ಅದ್ರ ಡಿಕ್ಕಿ 341 ಲೀಟರು, ಹಳೇದ್ರದ್ದು ಬರೀ 180. ಆಸೆ ಇದ್ದದ್ದು ಮೂರನೇದಕ್ಕೆ, ದುಡ್ಡಿದ್ದದ್ದು ಎರಡನೇದಕ್ಕೆ.

ಸೇಫ್ಟಿ ಬಗ್ಗೆ ಒಂದು ವಿಷಯ ಇಲ್ಲೇ ಹೇಳ್ತೇನೆ, ಯಾಕಂದ್ರೆ ಮಾರುವವ್ರು ಯಾರೂ ಇದನ್ನು ತಾವಾಗಿ ಹೇಳೂದಿಲ್ಲ. ಎಲ್ಲ ಹೊಸ ಕಾರಿಗೂ ಎಬಿಎಸ್, ಅಂದ್ರೆ ಗಟ್ಟಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಿ ಜಾರದ ಹಾಗೆ ನೋಡುವ ವ್ಯವಸ್ಥೆ, ಕಡ್ಡಾಯ ಆದದ್ದು 2019ರ ಏಪ್ರಿಲಲ್ಲಿ, ಡ್ರೈವರಿನ ಏರ್‌ಬ್ಯಾಗ್ ಅದೇ ವರ್ಷ ಜುಲೈಯಲ್ಲಿ. ಅದಕ್ಕಿಂತ ಹಿಂದಿನ ಗಾಡಿಯಲ್ಲಿ ಅವೆರಡೂ ಇರ್ಲೂಬಹುದು ಇಲ್ಲದೇ ಇರ್ಲೂಬಹುದು, ಒಂದೇ ಮಾಡೆಲ್ಲಲ್ಲೂ ದುಡ್ಡು ಜಾಸ್ತಿ ಕೊಟ್ಟವ್ರಿಗೆ ಮಾತ್ರ ಬಂದದ್ದುಂಟು. ಹಾಗಾಗಿ ಬಾಯಿಮಾತು ನಂಬೂದು ಬೇಡ, ಸ್ಟಿಯರಿಂಗ್ ಮೇಲೆ ಏರ್‌ಬ್ಯಾಗಿನ ಗುರ್ತು ಎಸ್‌ಆರ್‌ಎಸ್ ಅಂತ ಅಕ್ಷರ ಉಂಟಾ, ಕೀ ಆನ್ ಮಾಡಿದಾಗ ಎಬಿಎಸ್ಸಿನ ಲೈಟು ಹತ್ತಿ ಮತ್ತೆ ಆರ್ತದಾ, ಎರಡನ್ನೂ ಕಣ್ಣಲ್ಲೇ ನೋಡಿ. ನಮ್ಮ ಘಟ್ಟದ ಬುಡದ ತಿರುವು, ಮಳೆ, ಕೆಂಪು ಕೆಸರು, ಎದುರಿಂದ ಬರುವ ಬಸ್ಸು, ಇದ್ರಲ್ಲಿ ಅಮ್ಮನನ್ನು ಕೂರ್ಸಿಕೊಂಡು ಹೋಗುವವನಿಗೆ ಅಲಾಯ್ ವೀಲಿಗಿಂತ ಇದು ಮುಖ್ಯ.

ಮೊದಲು ಹೋದದ್ದು ಕಾಸರಗೋಡು ಕಡೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಮಾರುವಲ್ಲಿಗೆ. 2015ರ ರಿಟ್ಜ್, ಕೆಎಲ್ 41 ನಂಬ್ರ, ಹೊರಗೆ ಕನ್ನಡಿ ಹಾಗೆ ಹೊಳೀತಿತ್ತು, ಒಳಗೆ ಸೀಟ್ ಕವರ್ ಹೊಸ್ತು, ರೇಟು ಬೇರೆಯದ್ದಕ್ಕಿಂತ ಮೂವತ್ತು ಮೂವತ್ತೈದು ಸಾವಿರ ಕಮ್ಮಿ. ನಂಗೆ ಅಲ್ಲೇ ಅಡ್ವಾನ್ಸ್ ಕೊಡುವ ಅಂತ ಆಗಿಬಿಟ್ಟಿತ್ತು. ಜೊತೆಗೆ ಬಂದಿದ್ದ ನಮ್ಮೂರಿನ ಮೆಕ್ಯಾನಿಕ್ ಅಣ್ಣ ಬಾಗಿಲು ತೆಗ್ದವ್ರೇ ಮೂಗು ಮುಂದೆ ಮಾಡಿ ಸುಮ್ಮನೆ ನಿಂತ್ರು. ಸೆಂಟಿನ ಪರಿಮಳ, ಅದ್ರ ಅಡಿಯಲ್ಲಿ ಒದ್ದೆ ಬಟ್ಟೆಯ ಹಾಗೆ ಒಂದು ವಾಸನೆ. ಮತ್ತೆ ಸೀಟ್ ಬೆಲ್ಟನ್ನು ಎಳೆದ್ರು, ಎಳೆದು ಎಳೆದು ಪೂರ್ತಿ ಕೊನೆವರೆಗೆ, ಕೊನೇ ಒಂದು ಗೇಣು ಉಳಿದದ್ರ ಬಣ್ಣವೇ ಬೇರೆ, ಚಾದ ಕಲೆ ಹಾಗೆ. ಸೀಟಿನ ಅಡಿಯ ಹಳಿಗೆ ತುಕ್ಕು. ಡಿಕ್ಕಿಯಿಂದ ಸ್ಟೆಪ್ನಿ ಎತ್ತಿ ಆ ಗುಂಡಿಗೆ ಕೈ ಹಾಕಿ ಬೆರಳು ನಂಗೆ ತೋರ್ಸಿದ್ರು, ಗಂಧ ತೇದ ಹಾಗೆ ನುಣ್ಣಗಿನ ಮಣ್ಣು. "ಉಂದು ಬೊಡ್ಚಿ ಅಣ್ಣ" ಅಂತ ತುಳುವಲ್ಲಿ ಮೆಲ್ಲ ಹೇಳಿದ್ರು, ಇದು ಬೇಡ ಅಂತ.

41 ಅಂದ್ರೆ ಆಲುವಾ ಕಡೆಯ ನಂಬ್ರ. 2018ರ ಆಗಸ್ಟಲ್ಲಿ ಪೆರಿಯಾರ್ ಉಕ್ಕಿದಾಗ ಆ ಕಡೆಯ ಊರುಗಳಲ್ಲಿ ಮನೆ ಮನೆಯ ಕಾರೇ ನೀರಲ್ಲಿ ನಿಂತಿತ್ತು. ಆ ನಂಬ್ರದ್ದೆಲ್ಲ ಹಾಳು ಅಂತ ಅಲ್ಲ ಖಂಡಿತ, ಆದ್ರೆ ನೀರು ಒಳಗೆ ಹೋದ ಗಾಡಿಯ ವಯರಿಂಗಲ್ಲಿ ಒಂದೊಂದೇ ಕನೆಕ್ಟರ್ ವರ್ಷಗಟ್ಟಲೆ ನಿಧಾನಕ್ಕೆ ಹಸಿರು ಹಿಡಿದು ಕೆಡ್ತದೆ, ಇವತ್ತು ಪವರ್ ವಿಂಡೋ, ನಾಳೆ ಇನ್ನೊಂದು, ಏರ್‌ಬ್ಯಾಗಿನ ವಯರು ಹೇಗುಂಟು ಅಂತ ಹೇಳ್ಲಿಕ್ಕೇ ಆಗೂದಿಲ್ಲ. ಪೇಂಟು, ಸೀಟ್ ಕವರು ಇವೆರಡನ್ನೇ ನೋಡಿ ನಾನು ಮರುಳಾಗಿದ್ದೆ. ಆ ದಿನ ಆ ಅಣ್ಣ ಜೊತೆಗೆ ಇಲ್ಲದಿದ್ರೆ ನಮ್ಮ ಮೂರು ಲಕ್ಷ ಅಲ್ಲಿಗೇ ಹೋಗ್ತಿತ್ತು.

ಎರಡನೇದು ಪುತ್ತೂರಿದ್ದು. ಅಕ್ಕನ ಮನೆ ಅಲ್ಲೇ, ಬಾವ ಫೋನ್ ಮಾಡಿ "ನೀನು ಸುಮ್ಮನೆ ಕಾಸ್ರೋಡು ಕಾಸ್ರೋಡು ಅಂತ ತಿರುಗ್ಬೇಡ, ಇಲ್ಲಿ ಒಳ್ಳೇ ವ್ಯಾಗನ್ ಆರ್ ಉಂಟು, 2017, ಸಿಂಗಲ್ ಓನರ್, ನಿಮ್ಮಲ್ಲಿಗಿಂತ ನಲ್ವತ್ತು ಸಾವಿರ ಕಮ್ಮಿ" ಅಂದ್ರು. ಪೆರ್ಲದಿಂದ ಸ್ವರ್ಗ, ಪಾಣಾಜೆ ದಾರಿಯಲ್ಲಿ ಹೋದ್ರೆ ಪುತ್ತೂರು ನಮ್ಗೆ ನೆಂಟರ ಮನೆ ಹಾಗೇ, ಜಾತ್ರೆ, ಮದುವೆ, ಬಟ್ಟೆ ಎಲ್ಲದಕ್ಕೂ ಅಲ್ಲಿಗೇ ಹೋಗುವವ್ರು ನಾವು. ಗಾಡಿ ನೋಡಿದೆ, ಗಾಡಿ ನಿಜಕ್ಕೂ ಚೆಂದ ಇತ್ತು, ಅದ್ರಲ್ಲಿ ನಂಗೆ ಒಂದು ದೂರೂ ಇಲ್ಲ. ಆದ್ರೆ ಅದು ಕೆಎ 21.

ಗಡಿಯಲ್ಲಿ ಇರುವವ್ರಿಗೆ ಈ ಸಂಗತಿ ಸ್ವಲ್ಪ ಬಿಡಿಸಿ ಹೇಳ್ಬೇಕು, ತುಂಬ ಜನ ಇದ್ರಲ್ಲೇ ಸಿಕ್ಕಿಹಾಕಿಕೊಳ್ಳೂದು. ನಮ್ಗೆ ಪುತ್ತೂರು ಹತ್ರ, ಮಂಗ್ಳೂರು ಹತ್ರ, ಮಾತಾಡುವ ಭಾಷೆ ಒಂದೇ, ಆದ್ರೆ ಗಾಡಿಯ ಕಾಗದಕ್ಕೆ ಅದು ಬೇರೆ ರಾಜ್ಯ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡ್ರೆ ಇಲ್ಲಿಯ ನಂಬ್ರ ಮಾಡ್ಸಲೇಬೇಕು. ಅದಕ್ಕೆ ಮೊದಲು ಅಲ್ಲಿಯ ಆರ್‌ಟಿಓದಿಂದ ಫಾರ್ಮ್ 28ರಲ್ಲಿ ಎನ್‌ಒಸಿ, ಅಂದ್ರೆ ನಮ್ದೇನೂ ಅಡ್ಡಿ ಇಲ್ಲ ಅನ್ನುವ ಕಾಗದ, ತೆಗೀಬೇಕು, ಗಾಡಿ ಮೇಲೆ ಬಾಕಿ ಟ್ಯಾಕ್ಸ್, ಚಲನ್, ಕೇಸು ಯಾವ್ದೂ ಇರ್ಬಾರ್ದು. ಮತ್ತೆ ಇಲ್ಲಿ ಫಾರ್ಮ್ 27 ಹಾಕಿ ಹೊಸ ನಂಬ್ರ, ಗಾಡಿಯ ಪ್ರಾಯ ನೋಡಿ ಉಳಿದ ವರ್ಷಕ್ಕೆ ಇಲ್ಲಿಯ ಟ್ಯಾಕ್ಸ್. ಅಲ್ಲಿ ಹಿಂದಿನ ಓನರ್ ಜೀವಾವಧಿಗೆ ಅಂತ ಕಟ್ಟಿದ್ದು ತಾನಾಗಿ ಇಲ್ಲಿಗೆ ಬರೂದಿಲ್ಲ, ಉಳಿದ ಪಾಲು ವಾಪಸ್ ಬೇಕಿದ್ರೆ ಅದಕ್ಕೆ ಬೇರೆ ಅರ್ಜಿ. ನಲ್ವತ್ತು ಸಾವಿರದ ಲಾಭ ಇದ್ರಲ್ಲೇ ಕರಗಿ ಹೋಗ್ತದೆ. ಇದ್ರ ಮೇಲೆ ಆ ಗಾಡಿಯ ಆರ್‌ಸಿಯಲ್ಲಿ ಬ್ಯಾಂಕಿನ ಹೆಸ್ರು ಇನ್ನೂ ಹಾಗೇ ಇತ್ತು. ಸಾಲ ತೀರಿ ಎರಡು ವರ್ಷ ಆಯ್ತು ಅಂತ ಓನರ್ ಹೇಳಿದ್ದು ಸುಳ್ಳಲ್ಲ, ಬ್ಯಾಂಕಿನ ಕಾಗದ ಕೂಡ ತೋರ್ಸಿದ್ರು, ಆದ್ರೆ ಫಾರ್ಮ್ 35 ಹಾಕಿ ಆರ್‌ಸಿಯಿಂದ ಆ ಹೆಸ್ರು ತೆಗ್ಸಿರ್ಲಿಲ್ಲ. ಅದಾಗದೆ ಎನ್‌ಒಸಿ ಇಲ್ಲ, ಎನ್‌ಒಸಿ ಆಗದೆ ಇಲ್ಲಿ ನಂಬ್ರ ಇಲ್ಲ.

"ಎಂತ ಮಾರಾಯ, ನಿಮ್ಮ ಕಡೆ ಅರ್ಧ ಗಾಡಿ ಕೆಎ ನಂಬ್ರದ್ದೇ ಓಡ್ತದೆ, ಯಾರು ಕೇಳ್ತಾರೆ" ಅಂತ ಬಾವ. ಓಡೂದು ಹೌದು. ಆದ್ರೆ ಅದು ಅಲ್ಲಿ ಮನೆ ಇದ್ದವ್ರದ್ದು, ಬಂದು ಹೋಗುವವ್ರದ್ದು. ಇಲ್ಲೇ ಶೆಡ್ಡಲ್ಲಿ ಕಟ್ಟಿ ಹಾಕಿದ ಹಾಗೆ ಇಟ್ಟುಕೊಂಡು ಪ್ರತಿ ಚೆಕಿಂಗಲ್ಲೂ ಎದೆ ಹಿಡ್ಕೊಂಡು ಕೂರೂದು ನನ್ನಿಂದಾಗೂದಿಲ್ಲ, ಅದೂ ಪಕ್ಕದಲ್ಲಿ ಅಮ್ಮ ಇದ್ದಾಗ. ಬಾವನಿಗೆ ಬೇಜಾರಾಯ್ತು, ಎರಡು ವಾರ ಫೋನೂ ಇರ್ಲಿಲ್ಲ, ನಂಗೂ ಅದು ಸಂಕಟವೇ.

ಅಷ್ಟರಲ್ಲಿ ಆಟಿ ಬಂತು, ತುಳುವಿನ ಮಳೆಗಾಲದ ತಿಂಗಳು, ಶುಭಕಾರ್ಯ ಮಾಡದ್ದು. ಆಟಿಯಲ್ಲಿ ಗಾಡಿ ಮನೆಗೆ ತರೂದು ಬೇಡ ಅಂತ ಅಪ್ಪ, ಅದಕ್ಕೆ ಎದುರು ಮಾತಿಲ್ಲ. ನಂಗೆ ಆಗ ಕಿರಿಕಿರಿ ಆದದ್ದು ನಿಜ, ಈಗ ಯೋಚನೆ ಮಾಡಿದ್ರೆ ಆ ಒಂದು ತಿಂಗಳೇ ನಮ್ಮನ್ನು ಉಳಿಸಿದ್ದು. ತಗೊಳ್ಳುವ ಗಡಿಬಿಡಿ ಇಲ್ಲ, ಬರೀ ನೋಡೂದು, ಅದೂ ಜಡಿಮಳೆಯಲ್ಲಿ. ಮಳೆಯಲ್ಲಿ ನೋಡಿದ ಗಾಡಿ ಏನನ್ನೂ ಮುಚ್ಚಿಡೂದಿಲ್ಲ. ಬಾಗಿಲಿನ ರಬ್ಬರಿಂದ ನೀರು ಒಸರೂದು, ಕಾಲಡಿಯ ಮ್ಯಾಟು ಒದ್ದೆ ಇರೂದು, ಹೆಡ್‌ಲೈಟಿನ ಒಳಗೆ ಮಂಜು ಕಟ್ಟೂದು, ಗ್ಲಾಸಿನ ಹಬೆ ತೆಗೀಲಿಕ್ಕೆ ಏಸಿ ಹಾಕಿದ್ರೆ ಏಸಿ ತಣ್ಣಗೇ ಆಗದ್ದು, ಬ್ರೇಕ್ ಒತ್ತಿದ್ರೆ ಒಂದು ಬದಿಗೆ ಎಳೆಯೂದು, ಎಲ್ಲ ಅರ್ಧ ಗಂಟೆಯಲ್ಲಿ ಗೊತ್ತಾಗ್ತದೆ. ಬೇಸಿಗೆಯಲ್ಲಿ ಇವೇ ಗಾಡಿ ಎಲ್ಲ ರಾಜನ ಹಾಗೆ ನಿಂತಿರ್ತವೆ. ಕಡಲ ಬದಿಯಲ್ಲಿ, ಉಪ್ಪಳ ಮಂಜೇಶ್ವರ ಕಡೆ, ವರ್ಷಗಟ್ಟಲೆ ಹೊರಗೇ ನಿಂತ ಒಂದೆರಡು ಗಾಡಿಯನ್ನೂ ನೋಡಿದೆವು, ಉಪ್ಪುಗಾಳಿಗೆ ಬಾಗಿಲಿನ ಅಡಿಯ ಅಂಚು ಬಿಸ್ಕೆಟಿನ ಹಾಗೆ ಆಗಿತ್ತು, ಉಗುರಲ್ಲಿ ಒತ್ತಿದ್ರೆ ಪುಡಿ.

ಮಾಸ್ಟ್ರ ಕಾರಿನ ಸುದ್ದಿ ಬಂದದ್ದು ಹಾಲಿನ ಸೊಸೈಟಿಯಲ್ಲಿ, ಅಪ್ಪನಿಗೆ ಯಾರೋ ಹೇಳಿದ್ದು. ನೀರ್ಚಾಲು ಕಡೆಯ ಒಬ್ಬರು ರಿಟೈರ್ಡ್ ಕನ್ನಡ ಮಾಸ್ಟ್ರು, ಕಣ್ಣಿನ ಆಪರೇಷನ್ ಆದ ಮೇಲೆ ಬೆಂಗ್ಳೂರಲ್ಲಿರುವ ಮಗ ಇನ್ನು ಕಾರು ಬಿಡೂದು ಬೇಡ ಅಂತ ಹೇಳಿದ್ದಂತೆ. 2016ರ ವ್ಯಾಗನ್ ಆರ್, ಕೆಎಲ್ 14, ಅಂದ್ರೆ ನಮ್ಮ ಕಾಸರಗೋಡಿನದ್ದೇ ನಂಬ್ರ, ಅವ್ರೇ ಮೊದಲ್ನೇ ಓನರ್, ಓಡಿದ್ದು 51 ಸಾವಿರ ಚಿಲ್ರೆ. ಹೋದಾಗ ಕಾರು ಹಂಚಿನ ಶೆಡ್ಡಲ್ಲಿ, ಮೇಲೆ ಹಳೇ ಬೆಡ್‌ಶೀಟ್ ಹೊದ್ದು ನಿಂತಿತ್ತು. ಮಾಸ್ಟ್ರು ಮೊದಲು ಕಾರು ತೋರ್ಸಲೇ ಇಲ್ಲ, ಜಗಲಿಯಲ್ಲಿ ಕೂರ್ಸಿ ಬೆಲ್ಲ ನೀರು ಕೊಟ್ಟು ಒಂದು ಫೈಲು ತಂದಿಟ್ರು. ಎಲ್ಲ ಸರ್ವೀಸಿನ ಬಿಲ್ಲು ತಾರೀಕು ಪ್ರಕಾರ ತೂತು ಹೊಡೆದು ದಾರ ಕಟ್ಟಿ ಇಟ್ಟಿದ್ರು. ಜೊತೆಗೆ ಒಂದು ನೂರು ಪೇಜಿನ ನೋಟ್‌ಬುಕ್. ಪೆಟ್ರೋಲ್ ಹಾಕಿದ ಪ್ರತಿ ದಿನ, ಎಷ್ಟು ಲೀಟರು, ಮೀಟರಲ್ಲಿ ಎಷ್ಟು, ಎಲ್ಲಿಗೆ ಹೋದದ್ದು, ಎಲ್ಲ ಮುದ್ದಾದ ಕನ್ನಡ ಅಂಕಿಯಲ್ಲಿ. ನಾನು ಅಲ್ಲೇ ಕೂತು ಲೆಕ್ಕ ಹಾಕಿದೆ, ಕಳೆದ ಎರಡು ವರ್ಷದ್ದು ಸರಾಸರಿ ಲೀಟರಿಗೆ 17ರ ಹತ್ರ ಬಂತು, ನಮ್ಮ ಈ ಏರು ತಗ್ಗಿನ ರೋಡಲ್ಲಿ ಅದು ಒಳ್ಳೇದೇ.

ಮೀಟರ್ ತಿರುಗಿಸೂದು ಈಗ ದೊಡ್ಡ ಕೆಲಸವೇ ಅಲ್ಲ ಅಂತಾರೆ, ಹಾಗಾಗಿ ಮೀಟರಿನ ಅಂಕಿಯನ್ನು ಬಿಲ್ಲಿನ ಜೊತೆ, ಪೆಡಲಿನ ರಬ್ಬರಿನ ಜೊತೆ, ಸ್ಟಿಯರಿಂಗಿನ ಸವೆತದ ಜೊತೆ ಕೂಡ್ಸಿ ನೋಡ್ಬೇಕು. ಇಲ್ಲಿ ಎಲ್ಲ ಒಂದಕ್ಕೊಂದು ಹೊಂದಿತು.

ಆದ್ರೂ ಮೆಕ್ಯಾನಿಕ್ ಅಣ್ಣನಿಗೆ ತೋರ್ಸದೆ ಆಗೂದಿಲ್ಲ ಅಂತ ನಾನು ಹೇಳಿದೆ, ಮಾಸ್ಟ್ರ ಹತ್ರ ಹಾಗೆ ಕೇಳ್ಲಿಕ್ಕೆ ಅಪ್ಪನಿಗೆ ನಾಚಿಕೆ ಆಯ್ತು, ಮಾಸ್ಟ್ರೇ "ತೋರ್ಸದೆ ತಗೊಳ್ಬೇಡಿ, ನಾನಾದ್ರೂ ತೋರ್ಸದೆ ತಗೊಳ್ತಿರ್ಲಿಲ್ಲ" ಅಂದ್ರು. ಲಿಫ್ಟಿಗೆ ಹಾಕಿ ನೋಡಿದ್ರೆ ಮುಂದಿನ ಚಕ್ರ ಹಿಡಿಯುವ ಲೋವರ್ ಆರ್ಮಿನ ರಬ್ಬರ್ ಬುಷ್ ಎರಡೂ ಹೋಗಿತ್ತು, ಸೈಲೆನ್ಸರಿನ ನಡುವೆ ತುಕ್ಕು, ಬ್ಯಾಟರಿ ಸೋತಿತ್ತು. ಚಾಸಿಸ್ಸಿಗೆ ಎಲ್ಲಿಯೂ ಪೆಟ್ಟಿಲ್ಲ, ಬೆಸುಗೆ ಎಲ್ಲ ಕಂಪೆನಿದ್ದೇ. ಟಯರು ನೋಡಿದ್ರೆ ಗೀರು ಇನ್ನೂ ಚೆನ್ನಾಗಿ ಉಂಟು, ನಾನು ಟಯರು ಬಚಾವು ಅಂದ್ಕೊಂಡೆ, ಅವ್ರು ಬದಿಯಲ್ಲಿದ್ದ ನಾಲ್ಕು ಅಂಕಿ ತೋರ್ಸಿದ್ರು, 3416. ಅಂದ್ರೆ 2016ರ 34ನೇ ವಾರದಲ್ಲಿ ಆದ ಟಯರು, ಕಾರಿನ ಜೊತೆಗೇ ಬಂದದ್ದು. ಕಮ್ಮಿ ಓಡಿದ ಗಾಡಿಯಲ್ಲಿ ಇದೇ ಮೋಸ, ಸವೆದಿರೂದಿಲ್ಲ ಆದ್ರೆ ರಬ್ಬರು ಮುದಿಯಾಗಿರ್ತದೆ, ಬದಿಯಲ್ಲಿ ಸಣ್ಣ ಸಣ್ಣ ಬಿರುಕು. ನಾಲ್ಕೂ ಬದಲಿಸ್ಬೇಕು ಅಂದ್ರು. ಆ ಪರೀಕ್ಷೆಗೆ ಅವ್ರು ತಗೊಂಡದ್ದು ಒಂದು ಸಾವಿರ ರೂಪಾಯಿ, ಈ ಇಡೀ ವ್ಯವಹಾರದಲ್ಲಿ ನಾನು ಖರ್ಚು ಮಾಡಿದ್ದ್ರಲ್ಲಿ ಅತಿ ಉಪಕಾರ ಆದ ದುಡ್ಡು ಅದೇ.

ಟೆಸ್ಟ್ ಡ್ರೈವಿಗೆ ಹೈವೇಗೆ ಹೋಗ್ಲಿಲ್ಲ, ನೇರ ನಮ್ಮ ಚಡಾವಿಗೆ ತಂದೆ. ಮಳೆ ಬರ್ತಾ ಇತ್ತು. ಮುಂದೆ ಅಮ್ಮ, ಹಿಂದೆ ಅಪ್ಪ ಮತ್ತೆ ಮಾಸ್ಟ್ರು, ಡಿಕ್ಕಿಯಲ್ಲಿ ಒಂದು ಗೋಣಿ ತೆಂಗಿನಕಾಯಿ. ಏಸಿ ಹಾಕಿ ಹತ್ತಿಸ್ಲಿಕ್ಕೆ ನೋಡಿದ್ರೆ ಎಂಜಿನ್ ಉಸಿರು ಕಟ್ತದೆ, ಏಸಿ ಬಂದ್ ಮಾಡಿ ಫಸ್ಟ್ ಗೇರಲ್ಲಿ ಒಂದೇ ಹದದಲ್ಲಿ ಬಿಟ್ರೆ ಹತ್ತಿತು, ನಡುವಿನ ಮುರಕಲ್ಲಿನ ತಿರುವಲ್ಲಿ ಬೇಕಂತಲೇ ನಿಲ್ಲಿಸಿ ಹ್ಯಾಂಡ್‌ಬ್ರೇಕಿಂದ ಮತ್ತೆ ಎತ್ತಿದೆ, ಕ್ಲಚ್ಚಿನ ಸುಟ್ಟ ವಾಸನೆ ಬರ್ಲಿಲ್ಲ. ಅಡಿ ಎಲ್ಲೂ ತಾಗ್ಲೂ ಇಲ್ಲ. ಅಂಗಳದಲ್ಲಿ ನಿಲ್ಲಿಸಿದಾಗ ನಾನು ಕೊಡೆ ಬಿಡಿಸಿ ಆ ಕಡೆಗೆ ಹೋಗುವಷ್ಟರಲ್ಲಿ ಅಮ್ಮ ತಾವೇ ಬಾಗಿಲು ತೆಗ್ದು ಕಾಲು ಕೆಳಗಿಟ್ಟು ನಿಂತಾಗಿತ್ತು. "ಇದು ಆದೀತು ಮಗಾ" ಅಂದ್ರು. ಹಿಂದೆ ಕೂತಿದ್ದ ಮಾಸ್ಟ್ರು ಎಂತದೂ ಮಾತಾಡ್ಲಿಲ್ಲ, ಡ್ಯಾಶ್‌ಬೋರ್ಡಿನ ಮೇಲೆ ಬಿದ್ದ ಹನಿಯನ್ನು ಕೈವಸ್ತ್ರದಲ್ಲಿ ಒರೆಸಿದ್ರು.

ರೇಟು ಮಾತಾಡೂದೇ ಕಷ್ಟ ಆದದ್ದು. ಬ್ರೋಕರಿನ ಹತ್ರ ಚೌಕಾಸಿ ಮಾಡಬಹುದು, ಫೈಲು ಕಟ್ಟಿ ಇಟ್ಟ ಮಾಸ್ಟ್ರ ಹತ್ರ ಹೇಗೆ ಮಾಡೂದು. ಅವ್ರು ಮೂರು ಲಕ್ಷ ಹೇಳಿದ್ರು. ನಾನು ವರ್ಕ್‌ಶಾಪಿನ ಎಸ್ಟಿಮೇಟ್ ಹಾಳೆಯನ್ನೇ ಮುಂದಿಟ್ಟೆ, ಟಯರು, ಬುಷ್, ಬ್ಯಾಟರಿ, ಸೈಲೆನ್ಸರು ಎಲ್ಲ ಸೇರಿ 27 ಸಾವಿರ. ಅವ್ರು ಕನ್ನಡಕ ಹಾಕಿ ಒಂದೊಂದು ಸಾಲೂ ಓದಿ, ಬ್ಯಾಟರಿ ಮಾತ್ರ ನೀವೇ ಹಾಕಿ, ಉಳಿದದ್ದು ಕಳೆಯುವ ಅಂತ ಹೇಳಿ 2 ಲಕ್ಷ 78 ಸಾವಿರಕ್ಕೆ ನಿಲ್ಲಿಸಿದ್ರು. ಅದ್ರ ಮೇಲೆ ನಾನು ಒಂದು ಮಾತೂ ಆಡ್ಲಿಲ್ಲ.

ಆಟಿ ಕಳೆದು ಸೋಣ ತಿಂಗಳು ಬಂದ ಮೇಲೆ ಕಾಗದ ಮಾಡಿದೆವು. ಸಾಧಾರಣ ಇಲ್ಲಿ ಮಾರಾಟದ ಕರಾರು ಮಲಯಾಳದಲ್ಲೇ ಟೈಪ್ ಮಾಡೂದು, ಅಪ್ಪನಿಗೆ ಮಲಯಾಳ ಮಾತು ಬರ್ತದೆ ಓದ್ಲಿಕ್ಕೆ ಬರೂದಿಲ್ಲ, ಓದ್ಲಿಕ್ಕೆ ಆಗದ ಕಾಗದಕ್ಕೆ ಸೈನ್ ಹಾಕೂದು ಅಂದ್ರೆ ಅವ್ರಿಗೆ ಮೊದಲಿಂದಲೂ ಹಿಂಸೆ. ಮಾಸ್ಟ್ರು ಮುದ್ರಾಪತ್ರ ತರ್ಸಿ ತಾವೇ ಕೈಬರಹದಲ್ಲಿ ಕನ್ನಡದಲ್ಲಿ ಬರೆದ್ರು. ಎಂಜಿನ್ ನಂಬ್ರ, ಚಾಸಿಸ್ ನಂಬ್ರ, ಮೀಟರಿನ ಅಂಕಿ, ದುಡ್ಡು ಕೊಟ್ಟದ್ದು ಹೇಗೆ, ಮತ್ತೆ ಗಾಡಿ ಕೈ ಬದಲಾದ ಗಳಿಗೆ, "ಸಂಜೆ 4 ಗಂಟೆ 20 ನಿಮಿಷದ ನಂತರದ ಎಲ್ಲ ಹೊಣೆ ಕೊಂಡವರದ್ದು" ಅಂತ. ಆ ಗಂಟೆ ನಿಮಿಷ ಬರೆಯೂದು ಎಷ್ಟು ಮುಖ್ಯ ಅಂತ ಹೇಳಿದ್ರೆ, ಅದೇ ದಿನ ಬೆಳಿಗ್ಗೆ ಯಾವ್ದಾದ್ರೂ ಕ್ಯಾಮೆರಾ ಚಲನ್ ಆಗಿದ್ರೆ ಅದು ಯಾರ ಲೆಕ್ಕ ಅನ್ನೂದು ಅದ್ರಿಂದಲೇ ಗೊತ್ತಾಗೂದು. ಹೆಸ್ರು ಬದಲಿಸುವ ಫಾರ್ಮ್ 29, 30 ಎಲ್ಲ ಅಕ್ಷಯ ಕೇಂದ್ರದಲ್ಲಿ, ಅಂದ್ರೆ ಕೇರಳದಲ್ಲಿ ಸರ್ಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವಲ್ಲಿ, ಕೂತು ಸರ್ಕಾರದ ಪರಿವಾಹನ್ ಸೈಟಲ್ಲಿ ಹಾಕಿದೆವು. ಅಲ್ಲಿ ಒಂದು ತೊಡಕು, ಓಟಿಪಿ ಹೋದದ್ದು ಬೆಂಗ್ಳೂರಿನ ಮಗನ ಫೋನಿಗೆ, ಅವ್ರು ಮೀಟಿಂಗಲ್ಲಿ, ನಾವು ಒಂದು ಗಂಟೆ ಬೆಂಚಲ್ಲಿ. ಹಿಂದಿನ ದಿನವೇ ಯಾರ ನಂಬ್ರ ಉಂಟು ಅಂತ ನೋಡಿಟ್ಟುಕೊಂಡ್ರೆ ಅಷ್ಟು ಹೊತ್ತು ಉಳೀತದೆ.

ಇನ್ಶೂರೆನ್ಸು ಇನ್ನೂ ಆರು ತಿಂಗಳು ಇತ್ತು, ಅದನ್ನು 14 ದಿನದ ಒಳಗೆ ನಮ್ಮ ಹೆಸ್ರಿಗೆ ಮಾಡ್ಸಲಿಕ್ಕೆ ಕೊಡ್ಬೇಕು. ಮಾಸ್ಟ್ರಿಗೆ ಒಂದೂ ಕ್ಲೈಮ್ ಇಲ್ಲದೆ 50 ಪರ್ಸೆಂಟ್ ನೋ ಕ್ಲೈಮ್ ಬೋನಸ್ ಇತ್ತು, ಅದು ಗಾಡಿಯ ಜೊತೆ ಬರೂದಿಲ್ಲ, ಓನರಿನ ಜೊತೆಗೇ ಉಳೀತದೆ. ಹಾಗಾಗಿ ಬಾಕಿ ಆರು ತಿಂಗಳಿನ ಆ ರಿಯಾಯ್ತಿ ದುಡ್ಡನ್ನು ನಾವು ಕಟ್ಬೇಕಾಯ್ತು, ಹಳೇ ಕಾರು ತಗೊಳ್ಳುವಾಗ ಈ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯೂದಿಲ್ಲ.

ಬಾವ ಮುಂದಿನ ವಾರ ಅಕ್ಕನ ಜೊತೆ ಬಂದ್ರು. ಕಾರಿನ ಸುತ್ತ ಎರಡು ಸುತ್ತು ಹೊಡೆದು ಅಡಿಗೆ ಬಗ್ಗಿ ನೋಡಿ, ಒಳ್ಳೇದುಂಟು ಅಂತ ಒಂದೇ ಮಾತು ಹೇಳಿ ಚಾ ಕುಡೀಲಿಕ್ಕೆ ಒಳಗೆ ಹೋದ್ರು. ನಂಗೆ ಅಷ್ಟು ಸಾಕಿತ್ತು.

ಮಂಗ್ಳೂರಿಗೆ ಎರಡು ಸಲ ಹೋಗಿ ಬಂದಾಯ್ತು. ಮುಂದಿನ ಸೀಟಿನ ಅಡಿಯಲ್ಲಿ ಎಳೆಯುವ ಒಂದು ಟ್ರೇ ಉಂಟು ಈ ಗಾಡಿಗೆ, ಅಮ್ಮನ ಎಕ್ಸ್‌ರೇ, ಮಾತ್ರೆ, ಮಡಚುವ ಕೊಡೆ ಎಲ್ಲ ಅದ್ರಲ್ಲೇ. ಬುಷ್ಷು ಟಯರು ಬ್ಯಾಟರಿ ಆಗಿದೆ. ಸೈಲೆನ್ಸರ್ ಮಾತ್ರ ಬಾಕಿ, ಈ ಸಲದ ಅಡಿಕೆ ಕೊಟ್ಟು ಬಂದ ದುಡ್ಡಲ್ಲಿ ಮಾಡ್ಸಬೇಕು, ಜೊತೆಗೆ ಅಡಿಗೆ ಒಂದು ಕೋಟಿಂಗೂ ಆಗ್ಬೇಕು, ಮುಂದಿನ ಮಳೆಯ ಮೊದಲು. ಮಾಸ್ಟ್ರ ನೋಟ್‌ಬುಕ್ ಈಗ ಅಪ್ಪನ ಕೈಲಿ ಉಂಟು, ಪೆಟ್ರೋಲಿನ ಸಾಲಿನ ಪಕ್ಕದಲ್ಲಿ ಕ್ಯಾಂಪ್ಕೋಗೆ ಕೊಂಡೋದ ಅಡಿಕೆಯ ತೂಕವನ್ನೂ ಬರೀತಾರೆ. ಮೊನ್ನೆ ಮಾಸ್ಟ್ರು ಫೋನ್ ಮಾಡಿ ಮೊದಲು ಅಮ್ಮನ ಮೊಣಕಾಲು ಹೇಗುಂಟು ಅಂತ ಕೇಳಿದ್ರು, ಮತ್ತೆ ಸೈಲೆನ್ಸರು ಆಯ್ತಾ ಅಂತ.